ಹೊಸ ಫೋನಿನ ಹಾಟ್‌ಸ್ಪಾಟ್ ನಮ್ಮ ಹಳೆಯ ಕಂಪ್ಯೂಟರಿಗೆ ಕಾಣಿಸಿದ ಬಗೆ

ಬಾರ್ಕೂರಿನ ಸಮೀಪದ ನಮ್ಮ ಮನೆಯಲ್ಲಿ ಕುಳಿತು ಕನ್ನಡ ಪುಸ್ತಕಗಳ ಕರಡು ತಿದ್ದಿ, ಪುಟ ಜೋಡಿಸಿ, ಉಡುಪಿಯ ಮುದ್ರಣಾಲಯಕ್ಕೆ ಕಳುಹಿಸಿಕೊಡುವುದು ನನ್ನ ಕೆಲಸ. ಅದಕ್ಕೆ ಬಳಸುವ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಮೊದಲು ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡ್ ಇತ್ತು. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಸಂಜೆ, ಸಿಡಿಲು ಆ ತಂತಿಯ ಮೂಲಕವೇ ಒಳಗೆ ಬಂದು ಮೋಡೆಮ್ಮನ್ನೂ ಅದರ ತಂತಿ ಸಿಕ್ಕಿಸುವ ಕಂಪ್ಯೂಟರಿನ ಲ್ಯಾನ್ ಪೋರ್ಟನ್ನೂ ಒಟ್ಟಿಗೆ ಸುಟ್ಟುಹಾಕಿತು. ಕರಾವಳಿಯ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. ಉಳಿದ ಭಾಗಗಳೆಲ್ಲ ಚೆನ್ನಾಗಿದ್ದುದರಿಂದ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದ ಯುಎಸ್‌ಬಿ ವೈಫೈ ಅಡಾಪ್ಟರ್ ಒಂದನ್ನು ಸಿಕ್ಕಿಸಿಕೊಂಡು, ಅಂದಿನಿಂದ ಫೋನಿನ ಹಾಟ್‌ಸ್ಪಾಟಿನಲ್ಲಿಯೇ ಕೆಲಸ ನಡೆಸುತ್ತ ಬಂದಿದ್ದೆ.

ಕಳೆದ ಮಳೆಗಾಲ ತೊಡಗುವ ಮುನ್ನ ಹಳೆಯ ಫೋನು ಕೈಕೊಟ್ಟಿತು, ಹೊಸದನ್ನು ಕೊಂಡೆ. ಮನೆಯ ಉಳಿದ ಸಾಧನಗಳು ಮತ್ತೆ ಪಾಸ್‌ವರ್ಡ್ ಕೇಳದಿರಲಿ ಎಂದು ಹೊಸ ಫೋನಿನ ಹಾಟ್‌ಸ್ಪಾಟಿಗೂ ಹಳೆಯ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ ಕೊಟ್ಟೆ. ಆದರೆ ಕಂಪ್ಯೂಟರಿನ ವೈಫೈ ಪಟ್ಟಿಯಲ್ಲಿ ಪಕ್ಕದ ಮನೆಯವರ ಸಂಪರ್ಕದ ಹೆಸರು ಕಾಣಿಸಿತೇ ಹೊರತು ನನ್ನ ಫೋನಿನ ಹೆಸರು ಬರಲಿಲ್ಲ. ಫೋನನ್ನು ಮೇಜಿನ ಮೇಲೆಯೇ ತಂದಿಟ್ಟರೂ ಬರಲಿಲ್ಲ. ಮುದ್ರಣಾಲಯದವರು ಅಂತಿಮ ಪುಟಗಳಿಗಾಗಿ ಕಾಯುತ್ತಿದ್ದ ವಾರವದು.

ರಿಪೇರಿ ಅಂಗಡಿಯೊಂದಕ್ಕೆ ಫೋನ್ ಮಾಡಿ ಕೇಳಿದಾಗ, "ವಿಂಡೋಸ್ ಹಳೆಯದಾಗಿದೆ ಮೇಡಂ, ತಂದುಕೊಡಿ, ಒಮ್ಮೆ ಫಾರ್ಮ್ಯಾಟ್ ಮಾಡಿದ್ರೆ ಎಲ್ಲ ಸರಿಯಾಗ್ತದೆ" ಎಂಬ ಉತ್ತರ ಬಂತು. ನಾನು ಒಪ್ಪಲಿಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಜೋಡಿಸಿದ, ಯೂನಿಕೋಡಿಗೆ ಇನ್ನೂ ಬದಲಾಗದ ಹಲವು ಪುಸ್ತಕಗಳ ಪುಟಗಳು ಈ ಯಂತ್ರದಲ್ಲಿವೆ. ಫಾಂಟು ಬದಲಾದರೆ ಒತ್ತಕ್ಷರ ಜಾರುತ್ತದೆ, ಸಾಲು ಮುರಿಯುತ್ತದೆ, ಪುಟಸಂಖ್ಯೆಯೇ ಬದಲಾಗುತ್ತದೆ. ಯಾವ ಹಂತದಲ್ಲಿ ತೊಡಕಿದೆ ಎಂಬುದನ್ನು ತಿಳಿಯುವ ಮೊದಲು ಇಡೀ ಯಂತ್ರವನ್ನು ಅಳಿಸಿ ಬರೆಯುವುದು ತಪ್ಪೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಹಾಟ್‌ಸ್ಪಾಟ್ ಸಿಗುತ್ತಿಲ್ಲ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರ ಒಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ: ಕಂಪ್ಯೂಟರಿಗೆ ಹೆಸರು ಕಾಣಿಸುತ್ತಿದೆಯೇ, ಕಂಡದ್ದನ್ನು ಅದು ಸೇರಿಕೊಳ್ಳುತ್ತಿದೆಯೇ, ಸೇರಿದ ಮೇಲೆ ಅದಕ್ಕೆ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಗುತ್ತಿದೆಯೇ, ವಿಳಾಸ ಸಿಕ್ಕ ಮೇಲೆ ಜಾಲತಾಣಗಳು ತೆರೆಯುತ್ತಿವೆಯೇ. ಒಂದೊಂದಕ್ಕೂ ಕಾರಣ ಬೇರೆ, ಮದ್ದು ಬೇರೆ.

ಮೊದಲು ಫೋನನ್ನು ಚಾರ್ಜಿಂಗ್ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಅಂತರ್ಜಾಲ ಬಂತು. ಅಂದರೆ ಸಿಮ್ಮೂ ಡೇಟಾ ಪ್ಯಾಕೂ ಫೋನೂ ಸರಿಯಾಗಿವೆ. ಹಾಗಾದರೆ ಕೇಬಲಿನಲ್ಲಿಯೇ ಮುಂದುವರಿಯಬಹುದಿತ್ತಲ್ಲ ಎಂದು ಕೇಳಬಹುದು. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುವುದು ಜಗಲಿಯ ಕಿಟಕಿಯ ಬಳಿ ಮಾತ್ರ, ಕಂಪ್ಯೂಟರ್ ಇರುವುದು ಒಳಕೋಣೆಯಲ್ಲಿ. ಒಳಗೆ ತಂದಿಟ್ಟ ಫೋನಿನಲ್ಲಿ ಒಂದು ಪುಸ್ತಕದ ಪುಟಗಳನ್ನು ಕಳುಹಿಸುವುದಕ್ಕೆ ಅರ್ಧ ದಿನ ಬೇಕಾಗುತ್ತಿತ್ತು.

ಆ ವಾರದ ಕೊನೆಯಲ್ಲಿ ಮಣಿಪಾಲದಲ್ಲಿ ಓದುತ್ತಿರುವ ಅಣ್ಣನ ಮಗಳು ಮನೆಗೆ ಬಂದಿದ್ದಳು. ತನ್ನ ಲ್ಯಾಪ್‌ಟಾಪನ್ನು ಅದೇ ಮೇಜಿನ ಮೇಲಿಟ್ಟು ನೋಡಿ, "ಅತ್ತೆ, ನನ್ನದರಲ್ಲಿ ಕೂಡಲೇ ಕಾಣ್ತದೆ, ನಿಮ್ಮದಕ್ಕೆ ಮಾತ್ರ ಕಾಣುದಿಲ್ಲ" ಎಂದಳು. ಒಂದೇ ಜಾಗ, ಒಂದೇ ಫೋನು, ಎರಡು ಕಂಪ್ಯೂಟರು. ಒಂದಕ್ಕೆ ಕಾಣಿಸುತ್ತದೆ, ಇನ್ನೊಂದಕ್ಕಿಲ್ಲ. ತೊಡಕು ನನ್ನ ಅಡಾಪ್ಟರಿಗೂ ಹೊಸ ಫೋನಿಗೂ ನಡುವೆ ಇದೆ ಎಂಬುದು ಅಲ್ಲಿಗೆ ಖಚಿತವಾಯಿತು.

ವೈಫೈ ಸಾಧನಗಳು ಮುಖ್ಯವಾಗಿ ಎರಡು ಬ್ಯಾಂಡುಗಳಲ್ಲಿ, ಅಂದರೆ ರೇಡಿಯೋ ಆವರ್ತನಗಳ ಎರಡು ವ್ಯಾಪ್ತಿಗಳಲ್ಲಿ, ಮಾತಾಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಕಡಿಮೆ ಬೆಲೆಯ, 150 ಎಂಬಿಪಿಎಸ್ ಎಂದು ಪೊಟ್ಟಣದ ಮೇಲೆ ಬರೆದಿರುವ ಚಿಕ್ಕ ಅಡಾಪ್ಟರುಗಳಿಗೆ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಗೊತ್ತು. ಈಚಿನ ಎಷ್ಟೋ ಫೋನುಗಳು ವೇಗದ ದೃಷ್ಟಿಯಿಂದ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸಿನಲ್ಲಿ ಪ್ರಸಾರ ಮಾಡುತ್ತವೆ. ಅಂಥ ಹಾಟ್‌ಸ್ಪಾಟ್ ಹಳೆಯ ಅಡಾಪ್ಟರಿಗೆ ದುರ್ಬಲವಾಗಿಯೂ ಕಾಣಿಸುವುದಿಲ್ಲ, ಅದರ ಮಟ್ಟಿಗೆ ಆ ಹೆಸರು ಇಲ್ಲವೇ ಇಲ್ಲ. ಆದ್ದರಿಂದಲೇ ಫೋನನ್ನು ಎಷ್ಟು ಹತ್ತಿರ ತಂದರೂ ಪ್ರಯೋಜನವಾಗಿರಲಿಲ್ಲ. ತಮ್ಮ ಅಡಾಪ್ಟರ್ ಯಾವ ಬಗೆಯದೆಂದು ತಿಳಿಯಬೇಕಾದವರು ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್' ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಕೊಟ್ಟರೆ, ಬರುವ ಉತ್ತರದಲ್ಲಿ ರೇಡಿಯೋ ಬಗೆಗಳ ಒಂದು ಸಾಲು ಇರುತ್ತದೆ. ಅಲ್ಲಿ 802.11 ಎಂಬುದರ ಮುಂದೆ ಬಿ, ಜಿ, ಎನ್ ಅಕ್ಷರಗಳು ಮಾತ್ರ ಇದ್ದರೆ ಅದು ಬಹುಮಟ್ಟಿಗೆ 2.4ರದ್ದು, ಎ ಅಥವಾ ಎಸಿ ಕೂಡ ಇದ್ದರೆ 5 ಗಿಗಾಹರ್ಟ್ಸ್ ಅದಕ್ಕೆ ತಿಳಿಯುತ್ತದೆ. ನನ್ನದರಲ್ಲಿ ಬಿ, ಜಿ, ಎನ್ ಇಷ್ಟೇ ಇದ್ದವು.

ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿಗೆ ಹೋಗಿ ಬ್ಯಾಂಡನ್ನು 2.4ಕ್ಕೆ ಬದಲಿಸಿದ ಕೆಲವೇ ಕ್ಷಣಗಳಲ್ಲಿ ಹೆಸರು ಪಟ್ಟಿಯಲ್ಲಿ ಮೂಡಿತು. ಐಫೋನ್ 12 ಮತ್ತು ಅದರ ನಂತರದ ಐಫೋನುಗಳಲ್ಲಿ ಇದೇ ಕೆಲಸಕ್ಕೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬ ಸ್ವಿಚ್ ಇದೆ. ಬ್ಯಾಂಡಿನ ಹೆಸರನ್ನೇ ಹೇಳದಿರುವುದರಿಂದ ಅದು ಇದಕ್ಕೇ ಇರುವುದೆಂದು ಅನೇಕರಿಗೆ ಹೊಳೆಯುವುದಿಲ್ಲ. ವೇಗ ಕಡಿಮೆಯಾಗುತ್ತದೆಂಬ ಚಿಂತೆಗೆ, ನಮ್ಮಂಥ ಮನೆಗಳಲ್ಲಿ ಕಾರಣವಿಲ್ಲವೆಂದೇ ನನ್ನ ಅನುಭವ. 2.4 ಗಿಗಾಹರ್ಟ್ಸಿನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5ರದ್ದು ಅದರ ಅರ್ಧಕ್ಕೂ ಕಡಿಮೆ; ಗೋಡೆಗಳನ್ನು ದಾಟುವಾಗ ಎರಡನೆಯದು ಹೆಚ್ಚು ಸೊರಗುತ್ತದೆ. ಜಗಲಿಗೂ ಒಳಕೋಣೆಗೂ ನಡುವೆ ಇರುವುದು ಮುರಕಲ್ಲಿನ ದಪ್ಪ ಗೋಡೆ, ಅದು ಮಳೆಗಾಲದ ತಿಂಗಳುಗಳಲ್ಲಿ ತೇವವನ್ನು ಹೀರಿಕೊಂಡು ನಿಂತಿರುತ್ತದೆ. ಒದ್ದೆ ಗೋಡೆ ಒಣಗೋಡೆಗಿಂತ ಹೆಚ್ಚು ಅಲೆಗಳನ್ನು ನುಂಗುತ್ತದೆ.

ಹೆಸರು ಕಂಡಿತು, ಆದರೆ ಒತ್ತಿದಾಗ ಈ ನೆಟ್‌ವರ್ಕಿಗೆ ಸಂಪರ್ಕಿಸಲು ಸಾಧ್ಯವಿಲ್ಲ ಎಂಬ ಒಂದೇ ಸಾಲಿನ ಉತ್ತರ ಬಂತು. ಪಾಸ್‌ವರ್ಡ್ ಸರಿಯಿತ್ತು. ಇಲ್ಲಿ ಅಡ್ಡಬಂದದ್ದು ಭದ್ರತೆಯ ಕ್ರಮ. ಡಬ್ಲ್ಯೂಪಿಎ2 ಎಂಬುದು 2004ರಿಂದ ಬಳಕೆಯಲ್ಲಿದೆ, ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ಹೊಸ ಫೋನು ಡಬ್ಲ್ಯೂಪಿಎ3ರಲ್ಲಿ ನಿಂತಿತ್ತು. ನನ್ನ ಅಡಾಪ್ಟರನ್ನು ನಡೆಸುವ ತಂತ್ರಾಂಶಕ್ಕೆ, ಅಂದರೆ ಡ್ರೈವರಿಗೆ, ಅದು ತಿಳಿಯದು. ಫೋನಿನಲ್ಲಿ ಅದನ್ನು ಡಬ್ಲ್ಯೂಪಿಎ2ಕ್ಕೆ ಬದಲಿಸಿದೆ. ಹಳೆಯ ಹೆಸರನ್ನೇ ಕೊಟ್ಟ ನನ್ನ ನಿರ್ಧಾರವೂ ತೊಡಕನ್ನು ಹೆಚ್ಚಿಸಿರಬಹುದು, ಏಕೆಂದರೆ ವಿಂಡೋಸ್ ಒಂದು ಹೆಸರಿನ ಜೊತೆಗೆ ಅದರ ಭದ್ರತೆಯ ಕ್ರಮವನ್ನೂ ನೆನಪಿಟ್ಟುಕೊಂಡಿರುತ್ತದೆ. ಆದ್ದರಿಂದ ಉಳಿಸಿಟ್ಟ ಸಂಪರ್ಕಗಳ ಪಟ್ಟಿಯಿಂದ ಹಳೆಯ ಹೆಸರನ್ನು 'ಫರ್ಗೆಟ್' ಒತ್ತಿ ತೆಗೆದುಹಾಕಿ, ಫೋನಿಗೆ ಹೊಸ ಹೆಸರನ್ನೂ ಮೊದಲಿಗಿಂತ ಉದ್ದನೆಯ ಪಾಸ್‌ವರ್ಡನ್ನೂ ಕೊಟ್ಟೆ. ಡಬ್ಲ್ಯೂಪಿಎ2ಕ್ಕೆ ಹಿಂದಿರುಗುವುದಾದರೆ ಪಾಸ್‌ವರ್ಡ್ ಉದ್ದವಾಗಿರುವುದು ಅಗತ್ಯ. 8ರಿಂದ 63 ಅಕ್ಷರಗಳವರೆಗೆ ಅವಕಾಶವಿದೆ, ಎಂಟಕ್ಕೇ ನಿಲ್ಲಿಸಬೇಕಾಗಿಲ್ಲ.

ಹೊಸ ಹೆಸರನ್ನು ಕನ್ನಡದಲ್ಲಿಯೇ ಇಡಬೇಕೆಂಬ ಆಸೆ ನನಗಿತ್ತು. ವೈಫೈ ಹೆಸರಿಗೆ 32 ಬೈಟುಗಳ ಮಿತಿ ಇದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದಲ್ಲಿ ಪ್ರತಿ ವ್ಯಂಜನಕ್ಕೂ ಗುಣಿತದ ಪ್ರತಿ ಚಿಹ್ನೆಗೂ ಹಲಂತಕ್ಕೂ ಮೂರು ಮೂರು ಬೈಟು ಬೇಕು. 'ಬಾರ್ಕೂರು' ಎಂಬ ಒಂದೇ ಪದ 24 ಬೈಟುಗಳನ್ನು ತೆಗೆದುಕೊಳ್ಳುತ್ತದೆ. 'ಬಾರ್ಕೂರು ಮನೆ' ಎಂದು ಬರೆದರೆ 34 ಆಗಿ ಮಿತಿಯನ್ನು ಮೀರುತ್ತದೆ. ನಮ್ಮ ಲಿಪಿಯಲ್ಲಿ ಕೆಲಸ ಮಾಡುವವಳಾಗಿ ಈ ಲೆಕ್ಕ ನನಗೆ ನೋವು ತಂದಿತು. ಕೊನೆಗೆ 'ಬಾರ್ಕೂರು' ಎಂದಷ್ಟೇ ಇಟ್ಟೆ.

ಸಂಪರ್ಕ ಕೂಡಿತು. ಐಪಿ ವಿಳಾಸದ ಹಂತದಲ್ಲಿ ನನಗೆ ತೊಂದರೆ ಬರಲಿಲ್ಲ. 'ಐಪಿಕಾನ್ಫಿಗ್' ಆದೇಶ ಕೊಟ್ಟಾಗ 169.254ರಿಂದ ತೊಡಗುವ ವಿಳಾಸ ಕಂಡರೆ ಫೋನು ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಹಾಟ್‌ಸ್ಪಾಟನ್ನು ಒಮ್ಮೆ ಆರಿಸಿ ಮತ್ತೆ ಆನ್ ಮಾಡುವುದು ಆಗ ಮಾಡಬೇಕಾದ ಮೊದಲ ಕೆಲಸ.

ಅದಾದ ಮೇಲೆ ಎದುರಾದದ್ದು ಆಗಾಗ ಕಡಿದುಹೋಗುವ ತೊಂದರೆ. ಎರಡು ದಿನ ಗಮನಿಸಿದಾಗ ಒಂದು ಕ್ರಮ ಕಾಣಿಸಿತು: ಸಂಜೆ ಕೆಲಸ ಮುಗಿಸಿ, ಆ ದಿನದ ಪುಟಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡುತ್ತಿದ್ದ ಹೊತ್ತಿನಲ್ಲಿಯೇ ವೈಫೈ ಬೀಳುತ್ತಿತ್ತು. ಡಿಸ್ಕನ್ನು ಚುಚ್ಚುತ್ತಿದ್ದುದು ಸಿಪಿಯು ಪೆಟ್ಟಿಗೆಯ ಹಿಂಬದಿಯ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿಗೆ, ಅಡಾಪ್ಟರ್ ಇದ್ದದ್ದು ಅದರ ಪಕ್ಕದಲ್ಲಿ. ಯುಎಸ್‌ಬಿ 3.0 ದತ್ತಾಂಶ ಸಾಗಿಸುವಾಗ ಹೊರಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡಿನ ಮೇಲೆಯೂ ಬೀಳುತ್ತದೆಂದು ಇಂಟೆಲ್ ಸಂಸ್ಥೆ 2012ರಲ್ಲಿಯೇ ಒಂದು ತಾಂತ್ರಿಕ ಲೇಖನದಲ್ಲಿ ವಿವರಿಸಿದೆ. ಅಡಾಪ್ಟರಿನ ಒಂದು ಬದಿಗೆ ಈ ಗದ್ದಲ, ಇನ್ನೊಂದು ಬದಿಗೆ ಲೋಹದ ಪೆಟ್ಟಿಗೆ, ಎದುರಿಗೆ ಒದ್ದೆ ಮುರಕಲ್ಲು. ಒಂದೂವರೆ ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು, ಅಡಾಪ್ಟರನ್ನು ಪೆಟ್ಟಿಗೆಯ ಹಿಂದಿನಿಂದ ಬಿಡಿಸಿ, ಜಗಲಿಯ ಕಡೆಗೆ ತೆರೆಯುವ ಬಾಗಿಲಿನ ಮೇಲ್ಚೌಕಟ್ಟಿಗೆ ಕಟ್ಟಿದೆ. ಅಂದಿನಿಂದ ನಕಲು ನಡೆಯುತ್ತಿರುವಾಗಲೂ ಸಂಪರ್ಕ ಕಡಿದಿಲ್ಲ. ಈ ಇಡೀ ಪ್ರಯತ್ನದಲ್ಲಿ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಆ ಕೇಬಲ್. ಡಿವೈಸ್ ಮ್ಯಾನೇಜರಿನಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನೂ ತೆಗೆದುಹಾಕಿದೆ.

ಕೊನೆಯ ತೊಡಕು ಜೂನ್ ತಿಂಗಳ ಒಂದು ಬೆಳಿಗ್ಗೆ ಬಂತು, ಮತ್ತು ನನ್ನನ್ನು ಹೆಚ್ಚು ಕಾಡಿದ್ದು ಅದೇ. ವೈಫೈ ಕೂಡಿತ್ತು, ಗುರುತು ತುಂಬಿತ್ತು, ಫೋನಿನ ವಿಳಾಸಕ್ಕೆ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶ ಕಳುಹಿಸಿದರೆ, ಉತ್ತರ ಬರುತ್ತಿತ್ತು, ಅಂತರ್ಜಾಲದಲ್ಲಿರುವ ಗೂಗಲ್‌ನ 8.8.8.8 ವಿಳಾಸದಿಂದಲೂ ಬರುತ್ತಿತ್ತು, ಆದರೆ ಇಮೇಲ್ ತೆರೆಯುತ್ತಿರಲಿಲ್ಲ. ಯಾವ ತಾಣಕ್ಕೆ ಹೋದರೂ ಇದು ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಹಾಟ್‌ಸ್ಪಾಟಿನ ಬ್ಯಾಂಡು, ಭದ್ರತೆ ಎಲ್ಲವನ್ನೂ ಮತ್ತೆ ತಿರುವಿಹಾಕಿ ಒಂದು ಗಂಟೆ ಕಳೆದ ಮೇಲೆ ಪರದೆಯ ಬಲಮೂಲೆಯತ್ತ ಕಣ್ಣು ಹೋಯಿತು. ದಿನಾಂಕ 2016ರ ಜನವರಿ 1 ಎಂದಿತ್ತು.

ಮದರ್‌ಬೋರ್ಡಿನ ಮೇಲೆ ನಾಣ್ಯದ ಆಕಾರದ, 3 ವೋಲ್ಟಿನ ಸಿಆರ್2032 ಎಂಬ ಬ್ಯಾಟರಿ ಇರುತ್ತದೆ. ಕಂಪ್ಯೂಟರ್ ಆರಿದ್ದರೂ ಗೋಡೆಯ ಪ್ಲಗ್ಗಿನಲ್ಲಿ ವಿದ್ಯುತ್ ಇರುವವರೆಗೆ ಗಡಿಯಾರ ಆ ವಿದ್ಯುತ್ತಿನಲ್ಲಿಯೇ ನಡೆಯುತ್ತದೆ, ಪ್ಲಗ್ ಕಿತ್ತರೆ ಭಾರವೆಲ್ಲ ಬ್ಯಾಟರಿಯ ಮೇಲೆ. ಆ ಸಿಡಿಲಿನ ಸಂಜೆಯ ನಂತರ ನಮ್ಮ ಮನೆಯಲ್ಲಿ ಮೋಡ ಗುಡುಗಿದೊಡನೆ ಪ್ಲಗ್ ಕಿತ್ತಿಡುವುದು ರೂಢಿ, ಮಳೆಗಾಲದಲ್ಲಿ ದಿನಗಟ್ಟಲೆ ಹಾಗೆಯೇ ಇರುತ್ತದೆ. ಆ ಪುಟ್ಟ ಬ್ಯಾಟರಿ ವರ್ಷಗಳ ಕಾಲ ದುಡಿದು ಬರಿದಾಗಿತ್ತು. ಸುರಕ್ಷಿತ ಜಾಲತಾಣಗಳು ತಾವು ಅಸಲಿಯೆಂದು ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನಾಂಕವೂ ಮುಕ್ತಾಯದ ದಿನಾಂಕವೂ ಇರುತ್ತವೆ. ಕಂಪ್ಯೂಟರಿನ ಲೆಕ್ಕದಲ್ಲಿ ಅಂದು 2016 ಆದ್ದರಿಂದ, ಯಾವ ಪ್ರಮಾಣಪತ್ರವೂ ಇನ್ನೂ ಜಾರಿಗೆ ಬಂದಿಲ್ಲವೆಂದು ಬ್ರೌಸರ್ ಅವನ್ನೆಲ್ಲ ತಿರಸ್ಕರಿಸುತ್ತಿತ್ತು. ವೈಫೈ ಪಾಸ್‌ವರ್ಡಿನ ಪರಿಶೀಲನೆಗೆ ದಿನಾಂಕ ಬೇಕಿಲ್ಲ, ಪಿಂಗಿಗೂ ಬೇಕಿಲ್ಲ. ಅವೆರಡೂ ಸರಿಯಾಗಿ ನಡೆಯುತ್ತಿದ್ದುದು ಆ ಕಾರಣದಿಂದ.

ದಿನಾಂಕವನ್ನು ಕೈಯಿಂದಲೇ ತಿದ್ದಿದೆ. ಇಮೇಲ್ ತೆರೆಯಿತು, ಪುಟಗಳು ಹೋದವು. ಮರುದಿನ ಬ್ರಹ್ಮಾವರ ಪೇಟೆಯಲ್ಲಿ ಹೊಸ ಬ್ಯಾಟರಿ ಕೊಂಡುತಂದು, ವಿದ್ಯುತ್ ಪೂರ್ತಿ ಕಡಿದು, ಹಳೆಯದನ್ನು ಬಿಡಿಸಿ, ಬರಹವಿರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿದೆ. ಆ ರಾತ್ರಿಯೇ ಗುಡುಗು ಮಳೆ ಬಂತು, ಎಂದಿನಂತೆ ಪ್ಲಗ್ ಕಿತ್ತಿಟ್ಟೆವು. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ದಿನಾಂಕ ಸರಿಯಾಗಿತ್ತು. ಜಗಲಿಯ ಕಿಟಕಿಯಲ್ಲಿದ್ದ ಫೋನಿನ ಹೆಸರು ಪಟ್ಟಿಯ ಮೊದಲ ಸಾಲಿನಲ್ಲಿ, ಕನ್ನಡದಲ್ಲಿ ಕಾಣಿಸಿತು.