ಗಂಡಸರ ಸಿಗರೇಟು, ಹೆಂಗಸರ ಸಿಗರೇಟು: ಕಾರಣ ಒಂದೇ ಅಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ಗಂಡಸರಲ್ಲಿ ಶೇ. 36.7, ಹೆಂಗಸರಲ್ಲಿ ಶೇ. 7.8 ಮಂದಿ ತಂಬಾಕು ಬಳಸುತ್ತಿದ್ದರು. ಈ ಅಂತರ ನೋಡಿ, ಹೆಣ್ಣಿನ ಸ್ವಭಾವಕ್ಕೇ ಈ ಚಟ ಒಗ್ಗದು ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ನಿಕೋಟಿನ್ ಗಂಡು ಹೆಣ್ಣೆನ್ನದೆ ಹಿಡಿದುಕೊಳ್ಳುತ್ತದೆ. ಹೆಂಗಸರನ್ನು ಬಹುಮಟ್ಟಿಗೆ ತಡೆದಿರುವುದು ಕೈಯಲ್ಲಿ ಸ್ವಂತ ದುಡ್ಡಿಲ್ಲದಿರುವುದು ಮತ್ತು ನಾಲ್ಕು ಜನ ಏನಂದಾರು ಎಂಬ ಅಂಜಿಕೆ.

1994ರಲ್ಲಿ ಲೋಪೆಜ್, ಕಾಲಿಶಾ ಮತ್ತು ಪೀಹಾ ಎಂಬ ಸಂಶೋಧಕರು ಈ ಪಿಡುಗನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು. ಧೂಮಪಾನ ಮೊದಲು ಗಂಡಸರಲ್ಲಿ ಏರುತ್ತದೆ, ಒಂದೆರಡು ದಶಕ ಕಳೆದು ಹೆಂಗಸರಲ್ಲಿ. ಸಾವುಗಳು ಇನ್ನೂ ಹಲವು ದಶಕ ತಡವಾಗಿ ಬರುತ್ತವೆ. ಎಲ್ಲ ದೇಶಗಳೂ ಈ ದಾರಿಯಲ್ಲೇ ನಡೆದಿಲ್ಲ. ಕೆಲವೆಡೆ ಹೆಂಗಸರ ಪ್ರಮಾಣ ಏರಲೇ ಇಲ್ಲ. ಆದರೆ ಕಂಪನಿಗಳು ಕಾಲ ಬರಲಿ ಎಂದು ಕಾಯುತ್ತಾ ಕೂರುವುದಿಲ್ಲ. 1929ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿಗಾಗಿ ದುಡಿಯುತ್ತಿದ್ದ ಪ್ರಚಾರ ತಜ್ಞ ಎಡ್ವರ್ಡ್ ಬರ್ನೇಸ್, ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರ ಕೈಗೆ ಸಿಗರೇಟು ಕೊಡಿಸಿ ಅದನ್ನು ‘ಸ್ವಾತಂತ್ರ್ಯದ ಪಂಜು’ ಎಂದು ಕರೆಸಿದ. ಹೆಣ್ಣಿನ ನಿಜವಾದ ಹಂಬಲವೊಂದನ್ನು ಹೀಗೆ ಸರಕಿಗೆ ಅಂಟಿಸಿದ್ದು ಕ್ಷಮಿಸುವಂಥದ್ದಲ್ಲ.

ಸಮೀಕ್ಷೆಯ ಲೆಕ್ಕ ಹಾಕುವವರು ಹೆಚ್ಚು ಎಡವುವುದು ವಿದ್ಯೆಯ ವಿಷಯದಲ್ಲೇ. ಸಿಗರೇಟು ಹೊಸದಾಗಿದ್ದಾಗ ಉಳ್ಳವರು, ಓದಿದವರು ಮೊದಲು ಹಿಡಿಯುತ್ತಾರೆ. ಅಪಾಯ ತಿಳಿದ ಮೇಲೆ ಮೊದಲು ಬಿಡುವವರೂ ಅವರೇ. ಕೊನೆಗೆ ಚಟ ಬಡವರಲ್ಲಿ ಉಳಿಯುತ್ತದೆ. ಈ ತಿರುವು ಹೆಂಗಸರಲ್ಲಿ ತಡವಾಗಿ ಬರುತ್ತದೆ. ಹಾಗಾಗಿ ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ, ಕಡಿಮೆ ಓದಿದ ಗಂಡಸರೂ ಹೆಚ್ಚು ಓದಿದ ಹೆಂಗಸರೂ ಜಾಸ್ತಿ ಸೇದುತ್ತಿರಬಹುದು. ದಕ್ಷಿಣ ಯುರೋಪಿನಲ್ಲಿ ಒಂದು ಕಾಲಕ್ಕೆ ಹೀಗೇ ಇತ್ತು. ಇಬ್ಬರನ್ನೂ ಒಂದೇ ಕೋಷ್ಟಕಕ್ಕೆ ಹಾಕಿದರೆ ಎರಡು ಪರಿಣಾಮಗಳೂ ಒಂದನ್ನೊಂದು ನುಂಗಿ, ವಿದ್ಯೆಗೂ ಧೂಮಪಾನಕ್ಕೂ ಸಂಬಂಧವಿಲ್ಲವೆಂಬ ಸುಳ್ಳು ಉತ್ತರ ಸಿಗುತ್ತದೆ. ಗಂಡು ಹೆಣ್ಣುಗಳ ಲೆಕ್ಕ ಬೇರೆ ಮಾಡಿ, ಅದರೊಳಗೆ ಹತ್ತು ವರ್ಷಕ್ಕೊಂದರಂತೆ ವಯಸ್ಸಿನ ಗುಂಪು ಮಾಡಿ, ಆಮೇಲೆ ವಿದ್ಯೆ, ಆದಾಯ ನೋಡಬೇಕು.

ವಯಸ್ಸೂ ಮೋಸ ಮಾಡುತ್ತದೆ. ಎಪ್ಪತ್ತು ದಾಟಿದವರಲ್ಲಿ ಸೇದುವವರು ಕಡಿಮೆ ಕಾಣುವುದು ಎಲ್ಲರೂ ಬಿಟ್ಟಿದ್ದಾರೆಂದಲ್ಲ, ಸೇದುತ್ತಿದ್ದ ಹಲವರು ಬದುಕಿಲ್ಲವೆಂದೂ ಹೌದು. ವಿಚ್ಛೇದಿತರಲ್ಲಿ ಪ್ರಮಾಣ ಹೆಚ್ಚಿರುವುದನ್ನು ಅನೇಕ ಸಮೀಕ್ಷೆಗಳು ತೋರಿಸಿವೆ. ಆದರೆ ಒಂಟಿತನ ಚಟ ತಂದಿತೋ, ಚಟವೇ ಸಂಸಾರ ಕೆಡಿಸಿತೋ ಎಂಬುದು ಒಂದೇ ಸಲದ ಸಮೀಕ್ಷೆಯಿಂದ ತಿಳಿಯುವುದಿಲ್ಲ.

ಇನ್ನು ಪ್ರಶ್ನೆ ಕೇಳುವ ಬಗೆ. ಮನೆಯವರ ಎದುರು ಕೇಳಿದರೆ ಹೆಂಗಸರು ‘ಇಲ್ಲ’ ಎನ್ನುವುದೇ ಹೆಚ್ಚು. ಒಬ್ಬರೇ ಇರುವಾಗ ಕೇಳಿ. ‘ದಿನಾ ಸೇದುತ್ತೀರಾ’ ಎಂಬ ಒಂದೇ ಪ್ರಶ್ನೆ ಸಾಲದು, ಅಪರೂಪಕ್ಕೆ ಸೇದುವವರು ಅದರಲ್ಲಿ ತಪ್ಪಿಹೋಗುತ್ತಾರೆ; ಕಳೆದ 30 ದಿನಗಳಲ್ಲಿ ಒಮ್ಮೆಯಾದರೂ ಸೇದಿದ್ದುಂಟೇ ಎಂದೂ ಕೇಳಬೇಕು. ಅನುಮಾನವಿದ್ದರೆ ಎಂಜಲು ಅಥವಾ ಮೂತ್ರದಲ್ಲಿ ಕೋಟಿನಿನ್ (ದೇಹದಲ್ಲಿ ನಿಕೋಟಿನ್ ಕರಗಿ ಆಗುವ ವಸ್ತು) ಪರೀಕ್ಷೆ ಇದೆ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 16 ಗಂಟೆ ಬೇಕಾದ್ದರಿಂದ ಕಳೆದ ಎರಡು ಮೂರು ದಿನಗಳ ಸುಳಿವಷ್ಟೇ ಸಿಗುತ್ತದೆ. ನಿಕೋಟಿನ್ ಚೂಯಿಂಗ್ ಗಮ್ ಅಗಿಯುವವರಲ್ಲೂ ಕೋಟಿನಿನ್ ಸಿಗುತ್ತದೆ, ಅದನ್ನು ಮೊದಲೇ ವಿಚಾರಿಸಿ. ಚಟದ ಆಳ ತಿಳಿಯಲು ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಎಂಬ ಪ್ರಶ್ನೆ ಬಹಳ ಉಪಯುಕ್ತ. ಐದು ನಿಮಿಷದೊಳಗೆ ಎಂದರೆ ಚಟ ಗಟ್ಟಿಯಾಗಿದೆ.

ಬಿಡಿಸುವಾಗಲೂ ದಾರಿ ಬೇರೆ. ಸರಾಸರಿ ನೋಡಿದರೆ ಹೆಂಗಸರ ದೇಹ ನಿಕೋಟಿನ್ನನ್ನು ಬೇಗ ಕರಗಿಸುತ್ತದೆ, ಗರ್ಭಿಣಿಯಲ್ಲಿ ಇನ್ನೂ ಬೇಗ. ತೂಕ ಏರುವ ಭಯವೂ ಅವರಲ್ಲಿ ಹೆಚ್ಚು. ಬಿಟ್ಟ ಮೊದಲ ವರ್ಷ ಸರಾಸರಿ 4ರಿಂದ 5 ಕೆ.ಜಿ. ಏರುತ್ತದೆ, ಬಹುಪಾಲು ಮೊದಲ ಮೂರು ತಿಂಗಳಲ್ಲೇ. ಇದನ್ನು ಮುಚ್ಚಿಡದೆ ಮುಂಚೆಯೇ ಹೇಳಬೇಕು. ಗರ್ಭಿಣಿಯಾದಾಗ ಬಿಟ್ಟವರಲ್ಲಿ ಬಹಳಷ್ಟು ಮಂದಿ ಹೆರಿಗೆಯಾದ ವರ್ಷದೊಳಗೆ ಮತ್ತೆ ಹಿಡಿಯುತ್ತಾರೆ, ಗಂಡ ಸೇದುವವನಾಗಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಅವಳ ಆಸ್ಪತ್ರೆ ಚೀಟಿಯಲ್ಲೇ ‘ಮನೆಯಲ್ಲಿ ಬೇರೆ ಯಾರು ಸೇದುತ್ತಾರೆ’ ಎಂಬ ಸಾಲಿರಲಿ, ಮುಂದಿನ ಭೇಟಿಗೆ ಅವನನ್ನೂ ಕರೆಸಿ.