ಹೆಸರಿಲ್ಲದ ಪುಸ್ತಕ ಹಿಡಿದು ಕಲಬುರಗಿಗೆ

ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗ್ಗೆ ಆರೂವರೆ. ಕೈಚೀಲದಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಪುಸ್ತಕ ಇತ್ತು. ನಮ್ಮ ಅಜ್ಜನದು. ಅಜ್ಜ ಸೇಡಂ ಕಡೆಯವರು, ಆಮೇಲೆ ದಾವಣಗೆರೆಗೆ ಬಂದು ನೆಲೆಸಿದವರು. ಅವರ ಟ್ರಂಕಿನಲ್ಲಿ ಉಳಿದಿದ್ದ ಪುಸ್ತಕ ಇದೊಂದೇ. ಮಕ್ಕಳಿಗೆ ಬರೆದ ನೀತಿಕಥೆಗಳು. ರಟ್ಟಿಲ್ಲ, ಮುಖಪುಟ ಇಲ್ಲ. ಹಾಗಾಗಿ ಪುಸ್ತಕದ ಹೆಸರು, ಬರೆದವರು, ಅಚ್ಚಾದ ಊರು, ಯಾವುದೂ ಗೊತ್ತಿಲ್ಲ. ಕೊನೆಯ ಹಾಳೆಯ ಹಿಂದೆ ಮಸಿಯಲ್ಲಿ ಉರ್ದುವಿನ ಎರಡು ಸಾಲು. ಊರಲ್ಲಿ ಉರ್ದು ಬಲ್ಲ ಇಬ್ಬರಿಗೆ ತೋರಿಸಿದ್ದೆ. ಕೈಬರಹ ಗೋಜಲು, ಮಸಿ ಮಾಸಿದೆ, ಆಗಲ್ಲ ಅಂದಿದ್ದರು.

ಕಲಬುರಗಿಯಲ್ಲಿ ಹಳೇ ಪುಸ್ತಕ ಮಾರುವ ಒಬ್ಬ ಕಾಕಾ ಇದ್ದಾರೆ, ಅವರಿಗೆ ತೋರಿಸು ಎಂದು ಗೆಳತಿ ಹೇಳಿದ್ದಳು. ಅಷ್ಟನ್ನೇ ನಂಬಿ ಹೊರಟುಬಂದಿದ್ದೆ.

ಸ್ಟೇಷನ್ ಹತ್ತಿರ ಸುಸ್ಲಾ, ಮಿರ್ಚಿ ತಿಂದು, ಚಾ ಕುಡಿದು, ಅಂಗಡಿ ತೆಗೆಯುವವರೆಗೆ ಶರಣಬಸವೇಶ್ವರ ಗುಡಿಯಲ್ಲಿ ಕೂತಿದ್ದೆ. ಹತ್ತು ಗಂಟೆಗೆ ಸೂಪರ್ ಮಾರ್ಕೆಟ್ ಕಡೆ ನಡೆದೆ. ಕಾಕಾ ಅವರ ಅಂಗಡಿ ಒಂದು ಗಲ್ಲಿಯಲ್ಲಿದೆ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಮುಂದೆ ಶಾಲೆ ಪುಸ್ತಕ, ಪಿಯುಸಿ ಗೈಡು, ಸ್ಪರ್ಧಾ ಪರೀಕ್ಷೆಯ ಪುಸ್ತಕಗಳ ಕಟ್ಟು. ಅದರ ಹಿಂದೆ ತಗಡಿನ ಕಪಾಟು. ಅವರ ನಿಜವಾದ ಅಂಗಡಿ ಆ ಕಪಾಟಿನೊಳಗಿದೆ.

"ಕೂಡು ತಂಗಿ. ಎಲ್ಲಿಂದ ಬಂದಿ?" ಅಂದರು. ಎಪ್ಪತ್ತು ದಾಟಿದೆ. ದಪ್ಪ ಕನ್ನಡಕ, ತೋಳು ಮಡಚಿದ ಬಿಳಿ ಅಂಗಿ.

ಪುಸ್ತಕ ಕೊಟ್ಟೆ. ಅವರು ಅದನ್ನು ಓದಲಿಲ್ಲ. ಮೊದಲು ಬೆನ್ನು ನೋಡಿದರು. ಆಮೇಲೆ ಹಾಳೆಗಳ ಅಂಚಿನ ಮೇಲೆ ಬೆರಳು ಸರಿಸಿದರು. ಅವರ ಮುಖ ಸಣ್ಣದಾಯಿತು. "ಇದನ್ನ ಯಾರ ಕೈಗೆ ಕೊಟ್ಟಿದ್ದಿ?"

ಕೊಟ್ಟಿದ್ದೆ. ಮೂರು ವರ್ಷದ ಹಿಂದೆ ನಮ್ಮೂರಿನ ಒಬ್ಬ ಬೈಂಡರಿಗೆ. ಅವರು ಅಂದವಾಗಲಿ ಅಂತ ಮೂರೂ ಕಡೆ ಅಂಚು ಕತ್ತರಿಸಿ ಕೊಟ್ಟಿದ್ದರು. ಅಂಚಿನಲ್ಲಿ ಅಜ್ಜ ಪೆನ್ಸಿಲ್‌ನಲ್ಲಿ ಏನೇನೋ ಬರೆದಿದ್ದರು. ಈಗ ಪ್ರತಿ ಸಾಲಿನಲ್ಲೂ ಎರಡು ಮೂರು ಅಕ್ಷರ ಮಾತ್ರ ಉಳಿದಿವೆ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕಾಕಾ ನನ್ನನ್ನು ಬೈಯಲಿಲ್ಲ. "ಹಳೇ ಪುಸ್ತಕಕ್ಕ ಕತ್ತರಿ ಹಚ್ಚಬಾರದವ್ವ. ಹೊಲಿಗಿ ಸಡ್ಲಾಗಿದ್ರ ಹೊಲೀಬೇಕು, ಅಷ್ಟ" ಅಂದರು.

ಆಮೇಲೆ ಪುಟದ ಅಡಿಯಲ್ಲಿ ಹುಡುಕತೊಡಗಿದರು. ನಾನು ಆ ಪುಸ್ತಕವನ್ನು ಹತ್ತು ಸಲ ಓದಿದ್ದೇನೆ, ಇದನ್ನು ಕಂಡೇ ಇರಲಿಲ್ಲ. ಮೊದಲ ಪುಟದ ಅಡಿಯಲ್ಲಿ ಸಣ್ಣದಾಗಿ 1. ಹದಿನೇಳನೇ ಪುಟದ ಅಡಿಯಲ್ಲಿ 2. ಮೂವತ್ತಮೂರರಲ್ಲಿ 3. ಹೀಗೆ ಅರವತ್ತೈದರಲ್ಲಿ 5. ಅಚ್ಚುಮನೆಯವರು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚು ಹಾಕಿ ಮಡಚುತ್ತಿದ್ದರು. ಅದು ಒಂದು ಫಾರ್ಮು. ಹೊಲಿಯುವಾಗ ಹಿಂದುಮುಂದು ಆಗಬಾರದು ಅಂತ ಆ ಅಂಕಿ. ಐದು ಫಾರ್ಮೂ ಸರಿಯಾಗಿವೆ, 80 ಪುಟ. "ಕಥಿ ಒಂದೂ ಹೋಗಿಲ್ಲ. ಹೋಗಿದ್ದು ಮುಖಪುಟ ಅಷ್ಟ" ಅಂದರು. ಎಷ್ಟು ಸಮಾಧಾನ ಆಯ್ತು ಅಂತ ಹೇಳಲಾರೆ.

ಇನ್ನು ಕಾಲ. ಮುನ್ನುಡಿಯ ಕೆಳಗೆ 'ವಿಭವ ಸಂವತ್ಸರ, ಶ್ರಾವಣ' ಅಂತ ಇದೆ, ಇಸವಿ ಇಲ್ಲ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ? ವಿಭವ ಅಂದರೆ 1868 ಆಗಬಹುದು, 1928 ಆಗಬಹುದು, 1988 ಕೂಡ ಆಗಬಹುದು. ಕಾಕಾ ಮುನ್ನುಡಿಯನ್ನು ಬೆರಳಿಟ್ಟು ಓದಿದರು. ನಡುವೆ ಒಂದು ಕಡೆ ನಿಂತರು. 'ಕರ್ಣಾಟಕ ಸಾಹಿತ್ಯ ಪರಿಷತ್ತು' ಎಂಬ ಮಾತು ಅಲ್ಲಿತ್ತು. ಪರಿಷತ್ತು ಶುರುವಾದದ್ದು 1915ರಲ್ಲಿ. ಹಾಗಾಗಿ 1868 ಅಲ್ಲ. 'ಕನ್ನಡ ಸಾಹಿತ್ಯ ಪರಿಷತ್ತು' ಅಂತ ಹೆಸರು ಬದಲಾದದ್ದು ಆಮೇಲೆ. ಹಾಗಾಗಿ 1988 ಅಲ್ಲ. ಉಳಿದದ್ದು 1928. ಅದೇ ವರ್ಷ ಬಿ.ಎಂ.ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಇದೇ ಕಲಬುರಗಿಯಲ್ಲಿ, ನಿಜಾಮರ ರಾಜ್ಯದೊಳಗೆ ನಡೆದಿತ್ತು ಅಂತ ಅವರೇ ನೆನಪಿಸಿದರು.

ಕೊನೆಗೆ ಆ ಎರಡು ಸಾಲು. ಕಾಕಾ ಪುಸ್ತಕವನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದರು. ತುಟಿ ಅಲ್ಲಾಡಿಸುತ್ತ ಓದಿದರು. ಆಮೇಲೆ ನನ್ನ ಮುಖ ನೋಡಿ ಒಂದು ಹೆಸರು ಹೇಳಿದರು. ಅದು ನಮ್ಮ ಅಜ್ಜನ ಹೆಸರು. ಅಪ್ಪನ ಹೆಸರು, ಮನೆತನದ ಹೆಸರು ಸಮೇತ.

ನಿಜಾಮರ ಕಾಲದಲ್ಲಿ ಸರ್ಕಾರಿ ಶಾಲೆಯಲ್ಲಿ ಕಲಿಕೆ ಉರ್ದುವಿನಲ್ಲಿ. ಕನ್ನಡ ಕಥೆಯ ಪುಸ್ತಕದ ಮೇಲೆ ಹುಡುಗ ತನ್ನ ಹೆಸರನ್ನು ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ. ಕೆಳಗೆ 1339 ಅಂತ ಇಸವಿ. ತಿಂಗಳ ಹೆಸರಿದ್ದ ಜಾಗವನ್ನು ಹುಳ ತಿಂದಿದೆ. "ಇದು ಹಿಜರಿಯೋ ಫಸಲಿಯೋ, ಹೇಳು ನೋಡೋಣ" ಅಂದರು ಕಾಕಾ. ಹಿಜರಿ 1339 ಅಂದರೆ 1920-21. ಆಗಿನ್ನೂ ಈ ಪುಸ್ತಕ ಅಚ್ಚೇ ಆಗಿಲ್ಲ. ಹಾಗಾದರೆ ನಿಜಾಮ ಸರ್ಕಾರದ ಕಂದಾಯದ ಲೆಕ್ಕದ ವರ್ಷ, ಫಸಲಿ. ಅದಕ್ಕೆ 590 ಕೂಡಿಸಿದರೆ 1929. ಅಜ್ಜನಿಗೆ ಆಗ ಹನ್ನೆರಡು ವರ್ಷ. ಆ ಲೆಕ್ಕ ಮಾತ್ರ ನಾನೇ ಹಾಕಿದೆ.

ನನಗೆ ಮಾತು ಬರಲಿಲ್ಲ. ಕಾಕಾ ಚಾ ತರಿಸಿದರು.

ಅವರ ತಂದೆ ಜಿಲ್ದು, ಅಂದರೆ ಪುಸ್ತಕಕ್ಕೆ ರಟ್ಟು, ಕಟ್ಟುತ್ತಿದ್ದವರಂತೆ. ಉರ್ದು, ಫಾರ್ಸಿ ಬಂದದ್ದು ತಂದೆಯಿಂದ, ಕನ್ನಡ ಶಾಲೆಯಿಂದ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆಮೇಲಿನ ತಲೆಮಾರಿನಲ್ಲಿ ಎಷ್ಟೋ ಮನೆಗಳಲ್ಲಿ ಉರ್ದು ಓದುವವರು ಉಳಿಯಲಿಲ್ಲ. ಅಜ್ಜಂದಿರ ಟ್ರಂಕುಗಳು ರದ್ದಿಗೆ ಹೋದವು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ಉರ್ದುವಿಗೆ ಅನುವಾದಿಸಿದ ವಿಜ್ಞಾನ, ಕಾನೂನಿನ ದಪ್ಪ ದಪ್ಪ ಪುಸ್ತಕಗಳೂ ಹೋದವು, ಮೈಸೂರು ಮಂಗಳೂರು ಧಾರವಾಡಗಳಿಂದ ತರಿಸಿಕೊಂಡಿದ್ದ ಕನ್ನಡ ಪುಸ್ತಕಗಳೂ ಹೋದವು. ರದ್ದಿಯವರ ತಕ್ಕಡಿಗೆ ಬೀಳುವ ಮೊದಲು ಅಲ್ಲಿ ಮುಟ್ಟುವುದೇ ಕಾಕಾ ಅವರ ಕೆಲಸ. ಮನೆ ನಡೆಯುವುದು ಗೈಡಿನಿಂದ. ಜೂನ್ ತಿಂಗಳಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಉಳಿದ ಹನ್ನೊಂದು ತಿಂಗಳು ತಗಡಿನ ಕಪಾಟಿಗೆ.

ನಾನು ಕೂತಿದ್ದಾಗಲೇ ಒಬ್ಬರು ಕಿಟೆಲ್ ನಿಘಂಟು ತಂದರು. 1894ರ ಮೊದಲ ಮುದ್ರಣ, ಮಂಗಳೂರಿನ ಬಾಸೆಲ್ ಮಿಷನ್ನಿನದು ಅಂತ ಹೇಳಿದರು. ಮುಖಪುಟದಲ್ಲಿ ಹಾಗೇ ಇದೆ. ಕಾಕಾ ಬಂದವರ ಬೆರಳನ್ನೇ ಹಿಡಿದು ಹಾಳೆಯ ಹಿಂಬದಿಗೆ ಒತ್ತಿ ಸವರಿಸಿದರು. ಮೊಳೆ ಅಚ್ಚಾದರೆ ಅಕ್ಷರದ ಒತ್ತು ಬೆರಳಿಗೆ ಸಿಗುತ್ತದೆ. ಇದು ನುಣ್ಣಗಿತ್ತು. ಹಳೇ ಪುಟಗಳನ್ನು ಫೋಟೊ ತೆಗೆದು ಮಾಡಿದ ಮರುಮುದ್ರಣ. ಬಂದವರು ಸಪ್ಪೆ ಮುಖ ಮಾಡಿದರು. "ಇದೂ ಛಲೋ ಪುಸ್ತಕನ ಅದ. ಮನಿಯಾಗ ಇಟಗೋರಿ, ಓದ್ರಿ" ಅಂತ ಹೇಳಿ ಕಳಿಸಿದರು.

ಒಂದು ಫಾರ್ಸಿ ಕೈಬರಹದ ಪ್ರತಿಯನ್ನೂ ತೋರಿಸಿದರು. ಅದರ ಮೊದಲ ಹಾಳೆಯ ಮೂಲೆಯಲ್ಲಿ 'ಯಾ ಕಬೀಕಜ್' ಅಂತ ಬರೆದಿತ್ತು. ಹುಳಗಳ ಒಡೆಯನಿಗೆ ಮೊರೆ, ಈ ಪುಸ್ತಕ ತಿನ್ನಬೇಡ ಅಂತ. ನಮ್ಮ ಓಲೆಗರಿ ಬರೆದವರೂ ಕೊನೆಯಲ್ಲಿ ನೀರಿನಿಂದ ಕಾಪಾಡಿ, ಎಣ್ಣೆಯಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ ಅಂತ ಕೈಮುಗಿಯುತ್ತಿದ್ದರು. ಕೈನೋವು ತಿಂದು ಬರೆದವರ ಮಾತು ಅದು. ಇಂಥ ಫಾರ್ಸಿ ಪ್ರತಿಗಳಲ್ಲಿ ಹಾಳೆಯ ಹಿಂಬದಿಯ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಓರೆಯಾಗಿ ಬರೆದಿರುತ್ತಾರೆ. ಆ ಪದ ಮುಂದಿನ ಪುಟಕ್ಕೆ ಕೂಡದಿದ್ದರೆ ನಡುವಿನ ಹಾಳೆ ಹೋಗಿದೆ ಅಂತ ಅರ್ಥ.

ಕಪಾಟಿನ ಕೆಳಗಿನ ಖಾನೆಯಲ್ಲಿ ಉದ್ದನೆಯ ರಿಜಿಸ್ಟರುಗಳಿದ್ದವು. ಅವರ ಕೈದಾಟಿದ ಪ್ರತಿ ಹಳೇ ಪುಸ್ತಕವೂ ಅದರಲ್ಲಿದೆ. ಮಾರಿದ್ದೂ ಇದೆ, ಕೊಳ್ಳಲು ದುಡ್ಡಿಲ್ಲದೆ ಸುಮ್ನೆ ನೋಡಿ ಬಂದದ್ದೂ ಇದೆ. ಹೆಸರು, ಬರೆದವರು, ಅಚ್ಚುಮನೆ, ಊರು, ವರ್ಷ, ಪುಟ, ಎತ್ತರ, ಮೊಹರು, ಏನು ಹರಿದಿದೆ, ಎಲ್ಲಿಗೆ ಹೋಯಿತು. ನನ್ನ ಪುಸ್ತಕವನ್ನೂ ಬರೆದರು. 'ಹೆಸರು' ಖಾನೆಯಲ್ಲಿ 'ಇಲ್ಲ' ಅಂತ ಬರೆದರು. ಒಳಗಿನ ಮೊದಲ ಕಥೆಯ ಹೆಸರನ್ನೇ ಹಾಕಬಹುದಲ್ಲ ಅಂದೆ. ತಲೆ ಅಲ್ಲಾಡಿಸಿದರು. "ಇದ್ದದ್ದು ಬರೀಬೇಕು. ನಾಳಿ ಇನ್ನೊಂದು ಪ್ರತಿ ಸಿಕ್ಕರ ಖರೇ ಹೆಸರು ತುಂಬತೀನಿ." 'ಎಲ್ಲಿಗೆ ಹೋಯಿತು' ಖಾನೆಯಲ್ಲಿ ಮಾತ್ರ ಪೆನ್ಸಿಲ್ ಹಿಡಿದು ದಾವಣಗೆರೆ ಅಂತ ಬರೆದರು.

ಹೊರಡುವಾಗ "ಬೀದರಿಗಿ ಹೋಗಿಯೇನು? ಗವಾನನ ಮದರಸಾ ನೋಡು" ಅಂದರು. ಮಹಮೂದ್ ಗವಾನ್ ಕಥೆಯನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಹೇಳಿದರು. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು. 1472ರಲ್ಲಿ ಮದರಸಾ ಕಟ್ಟಿಸಿದ. ಅಲ್ಲಿ 3000 ಕೈಬರಹದ ಪುಸ್ತಕಗಳಿದ್ದವಂತೆ. ಆಗದವರು ಅವನ ಕಾರ್ಯದರ್ಶಿಗೆ ಕುಡಿಸಿ ಖಾಲಿ ಹಾಳೆಯ ಮೇಲೆ ಗವಾನನ ಮೊಹರು ಒತ್ತಿಸಿಕೊಂಡರು. ಒಡಿಶಾದ ರಾಜನಿಗೆ ಗುಟ್ಟಾಗಿ ಬರೆದ ಪತ್ರ ಅಂತ ಅದರಲ್ಲಿ ಸುಳ್ಳು ತುಂಬಿದರು. ಸುಲ್ತಾನ ನಂಬಿ 1481ರಲ್ಲಿ ತಲೆ ತೆಗೆಸಿದ. "ಮೊಹರು ಖರೇ, ಬರಹ ಸುಳ್ಳು" ಅಂದರು ಕಾಕಾ. ಹಾಳೆಯನ್ನು ದಿನವೂ ಮುಟ್ಟಿ ಪರೀಕ್ಷಿಸುವ ಮನುಷ್ಯ ಅದನ್ನು ಹೇಳುವಾಗ ದನಿ ಸಣ್ಣದಾಗಿತ್ತು.

ಮರುದಿನ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆ. ಹುಮನಾಬಾದ್ ದಾಟಿ ಬೀದರ್ ಸೇರಿದಾಗ ಮಧ್ಯಾಹ್ನ.

ಮದರಸಾದ ಮುಂದೆ ನಿಂತರೆ ಮೊದಲು ಕಾಣುವುದು ಒಂಟಿ ಮಿನಾರು. ಮೈಮೇಲೆ ಇನ್ನೂ ನೀಲಿ ಹಂಚಿನ ಚೂರುಗಳಿವೆ. ಜೊತೆಯ ಮಿನಾರು ಇಲ್ಲ. ಔರಂಗಜೇಬನ ಕಾಲದಲ್ಲಿ ಇಲ್ಲಿ ಇಟ್ಟಿದ್ದ ಮದ್ದು 1696ರಲ್ಲಿ ಸಿಡಿದು ಮುಂಭಾಗದ ಒಂದು ಕಡೆ ಕುಸಿಯಿತು. ಮುಂದಿನ ಕೋಣೆಗಳಲ್ಲಿ ಒಂದು ಮಸೀದಿ, ಒಂದು ಗ್ರಂಥಾಲಯ ಆಗಿದ್ದವು. ಈಗ ಒಳಗೆ ಪಾರಿವಾಳಗಳು, ಕಲ್ಲಿನ ತಂಪು. 3000 ಅನ್ನುವ ಲೆಕ್ಕ ನನ್ನ ಮನಸ್ಸಿನಲ್ಲಿತ್ತು. ಯಾವ್ಯಾವ ಪುಸ್ತಕ, ಯಾರ ಕೈಬರಹ, ಯಾವುದರ ಹಾಳೆ ಹರಿದಿತ್ತು? ಆ ಗೋಡೆಗಳ ನಡುವೆ ನನಗೆ ಕಾಕಾ ಅವರ ರಿಜಿಸ್ಟರೇ ನೆನಪಾಗುತ್ತಿತ್ತು. ಒಂದು ಗಂಟೆ ಕೂತಿದ್ದೆ. ಮುಂಭಾಗದ ಮೇಲುಗಡೆ ಹಂಚಿನಲ್ಲಿ ಬರೆದ ಕುರಾನಿನ ಸಾಲಿದೆ. ಅರ್ಧದಲ್ಲಿ ಹಂಚು ಉದುರಿದೆ. ಮೊಬೈಲಿನಲ್ಲಿ ದೊಡ್ಡದು ಮಾಡಿ ಫೋಟೊ ತೆಗೆದೆ.

ವಾಪಸು ರೈಲು ಕಲಬುರಗಿಯಿಂದಲೇ. ಹಾಗಾಗಿ ಮತ್ತೆ ಅಂಗಡಿಗೆ ಹೋದೆ. ಕಾಕಾ ಫೋಟೊವನ್ನು ಕನ್ನಡಕದ ಹತ್ತಿರ ತಂದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಾ ಹೋದೆ. ಹಂಚು ಉದುರಿದ ಜಾಗ ಬಂತು. ಅವರು ನಿಲ್ಲಿಸಿದರು.

"ಮುಂದಿಂದು ನಿಮಗೆ ಬಾಯಿಪಾಠ ಇರಬೇಕಲ್ಲ ಕಾಕಾ?"

"ಬರ್ತದ," ಅಂದರು. "ಖರೆ ಇಲ್ಲಿ ಇಷ್ಟ ಅದ. ಇಷ್ಟ ಬರಕೋ."