ಬೀಜಕ್ಕೆ ಬಿಟ್ಟ ಕುಂಬಳ

ಮಲೆನಾಡಿನ ಹಿತ್ತಿಲುಗಳಿಂದ ನಾಟಿ ತರಕಾರಿಗಳ ಬೀಜ ತಂದು, ಶಿರಸಿ ಸೀಮೆಯ ತೋಟವೊಂದರಲ್ಲಿ ಬೆಳೆದು, ಬೇಕೆಂದವರಿಗೆ ಒದಗಿಸುವುದು ನನ್ನ ಉದ್ಯೋಗ. ಊಟಕ್ಕೆ ಬೆಳೆಯುವ ಕ್ರಮವೇ ಬೇರೆ, ಬೀಜಕ್ಕೆ ಬೆಳೆಯುವ ಕ್ರಮವೇ ಬೇರೆ ಎಂಬುದನ್ನು ನನಗೆ ಮನದಟ್ಟು ಮಾಡಿಸಿದ್ದು ಸಿಹಿಗುಂಬಳ.

ಅಲಸಂದೆಯಂಥ ಬೆಳೆಯಲ್ಲಿ ಬಹುಪಾಲು ಹೂವುಗಳು ತಮ್ಮ ಪರಾಗದಿಂದಲೇ ಕಾಯಿಕಟ್ಟುವುದರಿಂದ ತಳಿ ಸುಲಭವಾಗಿ ಕೆಡುವುದಿಲ್ಲ. ಕುಂಬಳದಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಪರಾಗ ತರುವುದು ಜೇನು. ಪಕ್ಕದ ಗದ್ದೆಯ ಹೈಬ್ರಿಡ್ ಕುಂಬಳದ ಪರಾಗ ತಾಗಿದರೂ ಆ ವರ್ಷದ ಕಾಯಿ ತಾಯಿಬಳ್ಳಿಯ ಕಾಯಿಯಂತೆಯೇ ಕಾಣುತ್ತದೆ. ಬೆರಕೆಯಾದದ್ದು ತಿಳಿಯುವುದು ಅದರ ಬೀಜ ಬಿತ್ತಿದ ಮೇಲೆ. ಆದ್ದರಿಂದ ಮರುದಿನ ಅರಳಲಿರುವ, ತುದಿ ಹಳದಿಗೆ ತಿರುಗಿದ ಮೊಗ್ಗುಗಳನ್ನು ಹಿಂದಿನ ಸಂಜೆಯೇ ಗುರುತಿಸಿ, ಹೆಣ್ಣು ಮೊಗ್ಗಿನ ಬಾಯಿಗೂ ಅದೇ ತಳಿಯ ಬೇರೆ ಬಳ್ಳಿಯ ಗಂಡು ಮೊಗ್ಗಿನ ಬಾಯಿಗೂ ದಾರ ಕಟ್ಟುತ್ತೇನೆ. ಬೆಳಗಿನ ಜಾವ ಗಂಡು ಹೂವನ್ನು ಕೊಯ್ದು, ಎಸಳು ಕಿತ್ತು, ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ನಡುವಿನ ತುದಿಗೆ, ಸವರಿ, ಮತ್ತೆ ದಾರ ಬಿಗಿದು, ತೊಟ್ಟಿಗೆ ಬಣ್ಣದ ಬಟ್ಟೆಯ ಚೂರು ಕಟ್ಟುತ್ತೇನೆ. ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತದೆ. ಸೋರೆಯ ಹೂವು ಸಂಜೆ ಅರಳುವುದರಿಂದ ಅದಕ್ಕೆ ದುಡಿಮೆಯ ಹೊತ್ತೇ ಬೇರೆ.

ಒಳ್ಳೆಯ ಕಾಯಿಗಳೆಲ್ಲ ಅಡುಗೆಮನೆ ಸೇರಿದ ಮೇಲೆ ಬಳ್ಳಿಯಲ್ಲಿ ಉಳಿದ ಕೊನೆಯ ಕಾಯಿಯನ್ನು ಬೀಜಕ್ಕೆ ಬಿಡುವ ವಾಡಿಕೆ ಹಲವು ಮನೆಗಳಲ್ಲಿದೆ. ತಳಿ ಸೊರಗಲು ಇದೂ ಒಂದು ದೊಡ್ಡ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ. ಆರಿಸಬೇಕಾದದ್ದು ಕಾಯಿಯ ಗಾತ್ರವನ್ನಲ್ಲ, ಇಡೀ ಬಳ್ಳಿಯನ್ನು: ಜಡಿಮಳೆಯನ್ನು ತಾಳಿಕೊಂಡು, ರೋಗಕ್ಕೆ ಸಿಗದೆ, ಬೇಗ ಕಾಯಿಕಟ್ಟಿದ ಹಲವು ಬಳ್ಳಿಗಳಿಂದ ಒಂದೊಂದು ಕಾಯಿ ಬಿಡಬೇಕು. ಒಂದೇ ಬಳ್ಳಿಯನ್ನು ನೆಚ್ಚಿದರೆ ತಳಿಯೊಳಗಿನ ವೈವಿಧ್ಯ ಕುಗ್ಗುತ್ತದೆ.

ತೊಟ್ಟು ಒಣಗಿದ ಕಾಯಿಯನ್ನು ಕೊಯ್ದ ಮೇಲೂ ಕೆಲವು ವಾರ ಹಾಗೇ ಇಟ್ಟರೆ ಒಳಗಿನ ಬೀಜ ಚೆನ್ನಾಗಿ ಬಲಿಯುತ್ತದೆ. ಬಳಿಕ ತೊಳೆದು, ನೆರಳಿನಲ್ಲಿ ಆರಿಸಿ, ಬಗ್ಗಿಸಿದಾಗ ಪಟ್ಟನೆ ಮುರಿಯುವಷ್ಟು ಒಣಗಿದ ಬೀಜವನ್ನಷ್ಟೇ ಬೂದಿ ಬೆರೆಸಿ ಡಬ್ಬಿಗೆ ತುಂಬುತ್ತೇನೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಅರೆ ಒಣಗಿದ ಬೀಜ ನಿಲ್ಲುವುದಿಲ್ಲ.

ಬೀಜವನ್ನು ಉಳಿಸಿ, ಬಿತ್ತಿ, ವಿನಿಮಯ ಮಾಡಿಕೊಳ್ಳುವ ರೈತರ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದೆ. ಆ ಹಕ್ಕು ಸಾರ್ಥಕವಾಗಬೇಕಾದರೆ ಕೈ ಬದಲಾಯಿಸುವ ಬೀಜ ಶುದ್ಧವಾಗಿರಬೇಕು. ಆದ್ದರಿಂದಲೇ ನಾನು ಕೊಡುವ ಪ್ರತಿ ಪೊಟ್ಟಣದ ಮೇಲೆ ತಳಿ ಬಂದ ಊರು, ಬೆಳೆದ ವರ್ಷ ಮತ್ತು ಪರಾಗಸ್ಪರ್ಶವನ್ನು ಕೈಯಿಂದ ಮಾಡಿದ್ದೋ ಜೇನಿಗೆ ಬಿಟ್ಟದ್ದೋ ಎಂಬುದನ್ನು ಬರೆದಿರುತ್ತೇನೆ.